ಸಮುದ್ರಕ್ಕೆ ಹರಿದ ನೀರಿನ ಲೆಕ್ಕ

ಮುಂಗಾರು ಕೈಕೊಟ್ಟ ವರ್ಷ ನಮ್ಮ ರಾಜ್ಯದಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಪಶ್ಚಿಮಕ್ಕೆ ಹರಿಯುವ ನದಿಗಳ ನೀರೆಲ್ಲ ಸಮುದ್ರ ಸೇರಿ ವ್ಯರ್ಥವಾಗುತ್ತಿದೆ. ಈ ಮಾತನ್ನು ಆಡದ ಪಕ್ಷವಿಲ್ಲ, ಆಡದ ಚಹಾದಂಗಡಿಯೂ ಇಲ್ಲ. ನೀರು ಸಮುದ್ರಕ್ಕೆ ಹೋಯಿತು ಎಂದರೆ ಲೆಕ್ಕ ಅಲ್ಲಿಗೆ ಮುಗಿಯಿತು ಎಂದೇ ಎಲ್ಲರ ನಂಬಿಕೆ. ಹಾಗೆ ಹೋಗುವ ದಾರಿಯಲ್ಲಿ ನೀರು ಏನೇನು ಕೆಲಸ ಮಾಡಿತು, ಯಾರ ಯಾರ ಒಲೆ ಹೊತ್ತಿಸಿತು ಎಂದು ಕೂತು ಲೆಕ್ಕ ಹಾಕಿದವರು ಕಡಿಮೆ. ಅಂಥ ಲೆಕ್ಕಕ್ಕೆ ಅಘನಾಶಿನಿಗಿಂತ ಒಳ್ಳೆಯ ನದಿ ಕರ್ನಾಟಕದಲ್ಲಿ ಸಿಗಲಾರದು.

ಉತ್ತರ ಕನ್ನಡ ಜಿಲ್ಲೆಯಲ್ಲೇ ಹುಟ್ಟಿ ಅದೇ ಜಿಲ್ಲೆಯಲ್ಲಿ ಕಡಲು ಸೇರುವ ನದಿ ಇದು. ಒಂದು ಕವಲು ಶಿರಸಿ ಪಟ್ಟಣದ ಶಂಕರಹೊಂಡದಲ್ಲಿ, ಇನ್ನೊಂದು ಮಂಜುಗುಣಿಯಲ್ಲಿ. ಎರಡೂ ಸೇರಿ ಸಿದ್ದಾಪುರ ತಾಲ್ಲೂಕಿನ ಕಾಡು ಹೊಕ್ಕು, ಘಟ್ಟ ಇಳಿದು, ಕುಮಟಾದ ಬಳಿ ತದಡಿಯಲ್ಲಿ ಅರಬ್ಬಿ ಸಮುದ್ರಕ್ಕೆ. ಒಟ್ಟು ಉದ್ದ ಸುಮಾರು 120 ಕಿಲೋಮೀಟರ್. ದಕ್ಷಿಣದ ನೆರೆಯ ಶರಾವತಿಗೆ ಲಿಂಗನಮಕ್ಕಿ ಇದೆ, ಗೇರುಸೊಪ್ಪೆ ಇದೆ. ಉತ್ತರದ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ. ಅಘನಾಶಿನಿಗೆ ಅಡ್ಡಲಾಗಿ ಇಂದಿಗೂ ಒಂದು ದೊಡ್ಡ ಅಣೆಕಟ್ಟು ಎದ್ದಿಲ್ಲ. ಯೋಜನೆಗಳು ಬಂದವು, ಹೋದವು. ನದಿ ಮಾತ್ರ ತನ್ನ ಪಾಡಿಗೆ ಹರಿಯುತ್ತಲೇ ಇದೆ.

ಲೆಕ್ಕವನ್ನು ತುದಿಯಿಂದ, ಅಂದರೆ ನೀರು ‘ವ್ಯರ್ಥ’ವಾಗುವ ಜಾಗದಿಂದಲೇ ಶುರುಮಾಡುವುದು ನ್ಯಾಯ.

ನದಿ ಸಮುದ್ರವನ್ನು ಕೂಡುವ ಅಳಿವೆ ಇಲ್ಲಿ ಹರವಾಗಿ, ಹಲವು ಕವಲುಗಳಾಗಿ, ನಡುನಡುವೆ ಕುರ್ವೆ ಎಂಬ ನಡುಗಡ್ಡೆಗಳನ್ನು ಬಿಟ್ಟುಕೊಂಡು ಹಬ್ಬಿದೆ. ಸಮುದ್ರದ ಭರತ ಒಳನಾಡಿನ ಉಪ್ಪಿನಪಟ್ಟಣದವರೆಗೂ ಏರಿ ಬರುತ್ತದೆ. ಮಳೆಗಾಲದಲ್ಲಿ ಘಟ್ಟದ ನೀರು ನುಗ್ಗಿ ಅಳಿವೆಯ ಬಾಯಿಯವರೆಗೂ ಹೆಚ್ಚುಕಡಿಮೆ ಸಿಹಿಯಾಗುತ್ತದೆ. ಮಳೆ ನಿಂತ ಮೇಲೆ ಉಪ್ಪು ದಿನದಿನಕ್ಕೆ ಒಳಕ್ಕೆ ಸರಿಯುತ್ತ, ಏಪ್ರಿಲ್–ಮೇ ಹೊತ್ತಿಗೆ ಬಾಯಿಯ ಹತ್ತಿರದ ನೀರು ಸಮುದ್ರದಷ್ಟೇ ಉಪ್ಪು. ಈ ಏರಿಳಿತವೇ ಅಳಿವೆಯ ಬಂಡವಾಳ. ಅಣೆಕಟ್ಟಿಲ್ಲದ ನದಿಗೆ ಮಾತ್ರ ಅದು ಪೂರ್ತಿಯಾಗಿ ದಕ್ಕುತ್ತದೆ.

ಇದರ ಮೊದಲ ಫಲ ಬಳಚು. ಚಿಪ್ಪಿನ ಮೃದ್ವಂಗಿಗಳಿಗೆ ಕರಾವಳಿಯ ಜನ ಇಟ್ಟ ಹೆಸರುಗಳಲ್ಲಿ ಇದೊಂದು. ಒಂದೊಂದು ಜಾತಿಗೆ ಒಂದೊಂದು ಹದದ ಉಪ್ಪು ಬೇಕು. ಕಪ್ಪು ಚಿಪ್ಪಿನ ಬಳಚು ಸಿಹಿನೀರು ಹೆಚ್ಚಿರುವ ಮೇಲ್ಭಾಗದಲ್ಲಿ, ನಯವಾದ ತಿಳಿಬಣ್ಣದ್ದು ನಡುವೆ, ಬಾಯಿಯ ಹತ್ತಿರ ಬೇರೆ ಜಾತಿಗಳು, ಬಂಡೆಗೆ ಅಂಟಿಕೊಂಡ ನೀಲಿಕಲ್ಲು ಇನ್ನೂ ಆಚೆ. ನೀರನ್ನು ಒಳಗೆಳೆದು, ಅದರಲ್ಲಿರುವ ಸೂಕ್ಷ್ಮ ಪಾಚಿಯನ್ನು ಸೋಸಿಕೊಂಡು, ಉಳಿದದ್ದನ್ನು ಹೊರಗೆ ಬಿಡುವುದು ಇವುಗಳ ಬದುಕು. ಕಾಡಿನ ಕೊಳೆತ ಎಲೆಯ ಸಾರ ಹೊತ್ತು ತರುವ ನದಿ ಪಾಚಿಗೆ ಗೊಬ್ಬರವಾಗುತ್ತದೆ, ಪಾಚಿ ಬಳಚಿಗೆ ಊಟವಾಗುತ್ತದೆ.

ಇಳಿತದ ಹೊತ್ತಿನಲ್ಲಿ ಇಲ್ಲಿನ ಕೆಸರುಬಯಲನ್ನು ನೋಡಬೇಕು. ಸೀರೆ ಎತ್ತಿಕಟ್ಟಿದ ಹೆಂಗಸರು ಸಾಲಾಗಿ ಬಗ್ಗಿರುತ್ತಾರೆ. ಸೊಂಟಕ್ಕೆ ಹಗ್ಗದಲ್ಲಿ ಬಿಗಿದ ಪಾತ್ರೆ ಹಿಂದಿನಿಂದ ತೇಲುತ್ತ ಬರುತ್ತದೆ. ಕೆಸರಿನ ಮೇಲೆ ಅಕ್ಕಪಕ್ಕ ಎರಡು ಸಣ್ಣ ತೂತು ಕಂಡರೆ ಕೆಳಗೆ ಬಳಚು ಇದೆ ಎಂದು ಅರ್ಥ: ಒಂದು ನೀರೆಳೆದುಕೊಳ್ಳುವ ನಳಿಕೆಯದು, ಇನ್ನೊಂದು ಬಿಡುವುದರದು. ನೀರು ಇನ್ನೂ ನಿಂತಿರುವಲ್ಲಿ ಕಣ್ಣಿಗೆ ಕೆಲಸವಿಲ್ಲ, ಪಾದವೇ ಹುಡುಕುತ್ತದೆ. ಆಳದಲ್ಲಿ ಗಂಡಸರು ದೋಣಿಯಿಂದ ಮುಳುಗುತ್ತಾರೆ. ಇಲ್ಲಿ ಕೆಲಸದ ವೇಳೆಯನ್ನು ಗಡಿಯಾರ ನಿಗದಿ ಮಾಡುವುದಿಲ್ಲ, ತಿಥಿ ಮಾಡುತ್ತದೆ. ಇಳಿತ ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ; ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಅತಿ ದೂರ ಸರಿಯುತ್ತದೆ. ಇಂದು ಯಾವ ತಿಥಿ ಎಂದು ಗೊತ್ತಿದ್ದವರಿಗೆ ಕೆಸರಿಗೆ ಯಾವಾಗ ಇಳಿಯಬೇಕು ಎಂದೂ ಗೊತ್ತು.

ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಈ ಅಳಿವೆಯ ಬಳಚಿನ ಲೆಕ್ಕ ತೆಗೆದರು. ವರ್ಷಕ್ಕೆ ಸುಮಾರು 22 ಸಾವಿರ ಟನ್, ಆಗಿನ ಬೆಲೆಯಲ್ಲಿ ಐದೂಮುಕ್ಕಾಲು ಕೋಟಿ ರೂಪಾಯಿ. ಈ ಕೆಲಸದಲ್ಲಿ ನೇರವಾಗಿ ತೊಡಗಿದವರು ಎರಡು ಸಾವಿರಕ್ಕೂ ಹೆಚ್ಚು. ಹೂಡಿದ ಬಂಡವಾಳ ಎಂದರೆ ಒಂದಿಷ್ಟು ದೋಣಿ, ಬುಟ್ಟಿ, ಬೆನ್ನು. ಬಳಚು ಕುಮಟಾ ಪೇಟೆಯಲ್ಲಿ ಖರ್ಚಾಗಿ ಗೋವಾಕ್ಕೂ ಹೋಗುತ್ತದೆ.

ಪಕ್ಕದ ಶರಾವತಿಯ ಕಥೆ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು; ವಿದ್ಯುತ್ ತಯಾರಿಸಿ ಬಿಟ್ಟ ನೀರು ಈಗ ಹನ್ನೆರಡು ತಿಂಗಳೂ ಒಂದೇ ಸಮನೆ ಕೆಳಗೆ ಬರುತ್ತದೆ. ಬೇಸಿಗೆಯಲ್ಲೂ ಅಳಿವೆಗೆ ಉಪ್ಪು ಏರುವುದಿಲ್ಲ. ಬಳಚಿನ ಜಾತಿಗಳು ಅಲ್ಲಿ ಬಹುಮಟ್ಟಿಗೆ ಕುಗ್ಗಿಹೋದದ್ದನ್ನು ಇದೇ ಸಂಶೋಧಕರು ದಾಖಲಿಸಿದ್ದಾರೆ. ಅಂದರೆ ನದಿಯ ನೀರನ್ನು ಕದಿಯಬೇಕೆಂದೇನಿಲ್ಲ, ಅದು ಬರುವ ಕಾಲವನ್ನು ಬದಲಿಸಿದರೂ ಸಾಕು, ಕೆಳಗಿನವರ ಕಸುಬು ನಿಲ್ಲುತ್ತದೆ. ಅಣೆಕಟ್ಟಿನ ಖರ್ಚುವೆಚ್ಚದ ಯಾವ ಪಟ್ಟಿಯಲ್ಲೂ ಶರಾವತಿ ಕಡಲು ಸೇರುವ ಹೊನ್ನಾವರದ ಬಳಚು ಇದ್ದಿರಲಾರದು. ಅಘನಾಶಿನಿಯಲ್ಲೂ ಎಲ್ಲ ಸುರಳೀತವಿದೆ ಎಂದಲ್ಲ. ಸುಣ್ಣಕ್ಕಾಗಿ ಚಿಪ್ಪು ಬಗೆಯುವವರ ಕಾಟವಿದೆ, ಮರಿಬಳಚನ್ನೂ ಬಾಚಿಬಿಡುವ ದುರಾಸೆಯಿದೆ. ಬಳಚು ತೆಗೆಯುವವರೆಲ್ಲ ಪರಿಸರವಾದಿಗಳೇನಲ್ಲ.

ಕೆಸರುಬಯಲಿನ ಬೆನ್ನಿಗೇ ಗಜನಿ ಗದ್ದೆಗಳು. ಗಜನಿ ಅಂದರೆ ಉಪ್ಪುನೀರು ಹತ್ತುವ ತಗ್ಗು ಜಮೀನು. ಅಲ್ಲಿ ಬೆಳೆಯುವುದು ಕಗ್ಗ ಎಂಬ ಭತ್ತ. ಸಾಮಾನ್ಯ ತಳಿಗಳನ್ನು ಅಲ್ಲಿ ಬಿತ್ತಿದರೆ ಉಪ್ಪಿಗೆ ಸುಟ್ಟುಹೋಗುತ್ತವೆ. ಕಗ್ಗ ಉಪ್ಪನ್ನೂ ತಾಳುತ್ತದೆ, ನೆರೆ ಬಂದು ದಿನಗಟ್ಟಲೆ ಮುಳುಗಿದರೂ ಮತ್ತೆ ತಲೆಯೆತ್ತುತ್ತದೆ. ಕುಮಟಾ ತಾಲ್ಲೂಕಿನ ಮಾಣಿಕಟ್ಟಾ ಸುತ್ತಿನ ರೈತರು ಇದನ್ನು ಇವತ್ತಿಗೂ ಉಳಿಸಿಕೊಂಡಿದ್ದಾರೆ.

ಮೊದಲ ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದುಹೋಗುವುದನ್ನು ಕಾಯಬೇಕು. ಆಮೇಲೆ ಮೊಳಕೆ ಬರಿಸಿದ ಬೀಜವನ್ನು ಎರಚುತ್ತಾರೆ. ನಾಟಿ ಇಲ್ಲ, ಗೊಬ್ಬರವಿಲ್ಲ, ಔಷಧವಿಲ್ಲ. ಭರತ ತಂದ ಮೆಕ್ಕಲೇ ಸಾಕು. ಗದ್ದೆಗೂ ಹೊಳೆಗೂ ನಡುವೆ ಮಣ್ಣಿನ ದೊಡ್ಡ ಕಟ್ಟೆ, ಕಟ್ಟೆಯಲ್ಲಿ ಜಂತ್ರಡಿ ಎಂಬ ಹಲಗೆಯ ತೂಬು. ಮಳೆಗಾಲದಲ್ಲಿ ಇಳಿತದ ಹೊತ್ತಿಗೆ ಅದನ್ನು ತೆರೆದು ಹೆಚ್ಚಾದ ಮಳೆನೀರನ್ನು ಹೊರಗೆ ಬಿಡುವುದು, ಭರತದ ಹೊತ್ತಿಗೆ ಮುಚ್ಚಿ ಉಪ್ಪುನೀರನ್ನು ತಡೆಯುವುದು. ಕಟ್ಟೆ ಒಬ್ಬರದ್ದಲ್ಲ, ಒಂದು ಕಡೆ ಒಡೆದರೆ ಇಡೀ ಬಯಲು ಮುಳುಗುತ್ತದೆ. ಹಾಗಾಗಿ ಇಲ್ಲಿನ ಬೇಸಾಯ ಊರೊಟ್ಟಿನ ಬೇಸಾಯ. ಒಬ್ಬ ಮಾಡಿ ಇನ್ನೊಬ್ಬ ಸುಮ್ಮನಿದ್ದರೆ ನಡೆಯುವುದಿಲ್ಲ.

ಕಟಾವು ಮುಗಿದ ಮೇಲೆ ಜಂತ್ರಡಿಯ ಕೆಲಸ ತಿರುಗಾಮುರುಗಾ. ಈಗ ಭರತದ ನೀರನ್ನು ಬೇಕೆಂದೇ ಒಳಗೆ ಬಿಡುತ್ತಾರೆ. ನೀರಿನ ಜೊತೆ ಮೀನುಮರಿ, ಸೀಗಡಿ ಬರುತ್ತವೆ. ಗದ್ದೆಯಲ್ಲಿ ಉಳಿದ ಹುಲ್ಲುಕೂಳೆ ಕೊಳೆತು ಅವುಗಳಿಗೆ ಮೇವಾಗುತ್ತದೆ. ಮೀನಿನ ಹಿಕ್ಕೆ ಮುಂದಿನ ಬೆಳೆಗೆ ಗೊಬ್ಬರ. ಬೇಸಿಗೆಯವರೆಗೆ ಅದೇ ಗದ್ದೆ ಮೀನಿನ ಹೊಂಡ; ಚಳಿಗಾಲದಲ್ಲಿ ದೂರದೇಶದ ನೀರುಹಕ್ಕಿಗಳಿಗೂ ಅದೇ ಛತ್ರ. ಒಂದೇ ಜಮೀನಿನಲ್ಲಿ ಮಳೆಗಾಲಕ್ಕೆ ಅಕ್ಕಿ, ಬೇಸಿಗೆಗೆ ಮೀನು. ಕೃಷಿ ವಿಶ್ವವಿದ್ಯಾಲಯಗಳು ಸಮಗ್ರ ಕೃಷಿ ಎಂದು ಈಗ ಬೋಧಿಸುವುದನ್ನು ಗಜನಿಯವರು ಯಾರ ಪಾಠವೂ ಇಲ್ಲದೆ ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ.

ಕೆಟ್ಟದ್ದು ಮಧ್ಯದಲ್ಲಿ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಸೀಗಡಿ ಕೃಷಿಯ ಹುಚ್ಚು ಹಿಡಿಯಿತು. ಗಜನಿಗಳು ಗುತ್ತಿಗೆಗೆ ಹೋದವು. ವರ್ಷವಿಡೀ ಉಪ್ಪುನೀರು ನಿಲ್ಲಿಸಿದ್ದರಿಂದ ಭತ್ತ ಹೋಯಿತು, ಕಟ್ಟೆಗಳ ದುರಸ್ತಿ ಯಾರಿಗೂ ಬೇಡವಾಯಿತು. 1990ರ ದಶಕದ ನಡುವೆ ಬಿಳಿಚುಕ್ಕಿ ವೈರಸ್ ಬಂದು ದೇಶದ ಸೀಗಡಿ ಹೊಂಡಗಳನ್ನು ಗುಡಿಸಿಹಾಕಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿ ಕೈಗಾರಿಕಾ ಮಾದರಿಯ ಸೀಗಡಿ ಸಾಕಣೆಗೆ ಕಡಿವಾಣ ಹಾಕಿತು. ಗುತ್ತಿಗೆ ಹಿಡಿದವರು ಎದ್ದುಹೋದರು, ಒಡೆದ ಕಟ್ಟೆ ಊರವರಿಗೆ ಉಳಿಯಿತು. ಅಲ್ಲಲ್ಲಿ ಕಾಂಡ್ಲಾ ಗಿಡಗಳು ಮತ್ತೆ ಎದ್ದು ಕಟ್ಟೆಯ ಮಣ್ಣನ್ನು ಬೇರಿನಿಂದ ಬಿಗಿದು ಹಿಡಿದಿವೆ. ಕಾಂಡ್ಲಾದ ಬೀಜ ತಾಯಿಗಿಡದ ಮೇಲೇ ಮೊಳೆತು, ಕೋಲಿನಂತೆ ಉದ್ದವಾಗಿ, ಆಮೇಲೆ ಕೆಸರಿಗೆ ಬೀಳುತ್ತದೆ. ನೀರು ಕೊಚ್ಚಿಕೊಂಡು ಹೋಗುವ ಮೊದಲೇ ಊರಿಕೊಳ್ಳುವುದಕ್ಕೆ ಅದು ಕಂಡುಕೊಂಡ ಉಪಾಯ.

ಅಳಿವೆಯ ಉತ್ತರ ದಂಡೆಯಲ್ಲಿ ಗೋಕರ್ಣದ ಹತ್ತಿರ ಸಾಣಿಕಟ್ಟಾ. ಬಿಸಿಲಿನಲ್ಲಿ ಉಪ್ಪು ಬೆಳೆಯುವ ರಾಜ್ಯದ ಏಕೈಕ ದೊಡ್ಡ ಆಗರ ಎಂದೇ ಇದಕ್ಕೆ ಹೆಸರು. ಆಗರದ ಮಾಲೀಕರು 1952ರಲ್ಲಿ ಸೇರಿ ಕಟ್ಟಿದ ನಾಗರಬೈಲ್ ಸಹಕಾರಿ ಸಂಘ ಇದನ್ನು ನಡೆಸಿಕೊಂಡು ಬಂದಿದೆ. ಭರತದ ನೀರನ್ನು ಮೊದಲು ದೊಡ್ಡ ಕಟ್ಟೆಗೆ ಬಿಟ್ಟು, ಅಲ್ಲಿಂದ ಸಣ್ಣಸಣ್ಣ ಪಾತಿಗಳಿಗೆ ಹಾಯಿಸಿ, ಬಿಸಿಲಿಗೆ ಗಟ್ಟಿಯಾದ ಮೇಲೆ ಮರದ ಹಲಗೆಯಿಂದ ಎಳೆದು ರಾಶಿ ಹಾಕುತ್ತಾರೆ. ಉಪ್ಪು ಅಚ್ಚ ಬಿಳಿಯದಲ್ಲ, ಸ್ವಲ್ಪ ಮಣ್ಣುಬಣ್ಣ ಬೆರೆತದ್ದು. ಬೇಸಿಗೆಯಲ್ಲಿ ಅಳಿವೆಯ ನೀರು ಶರಾವತಿಯಂತೆ ಸಪ್ಪೆಯಾದರೆ ಈ ಪಾತಿಗಳಲ್ಲಿ ಹರಳು ಕಟ್ಟುವುದಿಲ್ಲ.

ಇದೇ ನದಿಯ ದಂಡೆಯ ಮಿರ್ಜಾನ್ ಕೋಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಪ್ರವಾಸಿಗರು ಅದನ್ನು ಕಂಡುಕೊಂಡಿದ್ದಾರೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಆ ಕೋಟೆಗೆ ಅಂಟಿಕೊಂಡಿದೆ. ಅವಳ ಮೆಣಸು ಬೆಳೆದದ್ದು ಘಟ್ಟದ ಕಾನುಗಳಲ್ಲಿ ಎಂಬುದನ್ನು ಮಾತ್ರ ನೆನಪಿಟ್ಟುಕೊಂಡು ಮೇಲಕ್ಕೆ ಹತ್ತೋಣ.

ಘಟ್ಟದ ಮೇಲೆ ಈ ನದಿಯ ಹೆಸರು ಎತ್ತಿದರೆ ಮೊದಲು ಬರುವ ಮಾತು ಅಪ್ಪೆಮಿಡಿಯದು. ಹೊಳೆದಂಡೆಯ ಕಾಡುಮಾವಿನ ಎಳೆಗಾಯಿ. ಗೊರಟು ಗಟ್ಟಿಯಾಗುವ ಮೊದಲೇ, ತೊಟ್ಟು ಸಮೇತ, ನೆಲಕ್ಕೆ ಬೀಳಿಸದೆ ಕೊಯ್ಯಬೇಕು. ಪೆಟ್ಟಾದ ಮಿಡಿ ಭರಣಿಯಲ್ಲಿ ಕೊಳೆತು ಉಳಿದವನ್ನೂ ಕೆಡಿಸುತ್ತದೆ. ತೊಟ್ಟು ಮುರಿದಾಗ ಚಿಮ್ಮುವ ಸೊನೆಯಲ್ಲೇ ಅದರ ಜಾತಕ ಇರುವುದು: ಜೀರಿಗೆಯ ಘಮ, ಕರ್ಪೂರದ ಘಮ, ಹೆಸರಿಡಲಾಗದ ಇನ್ನೆಷ್ಟೋ. ಹವ್ಯಕರ ಮನೆಗಳಲ್ಲಿ ಆ ಸೊನೆಯನ್ನೂ ಬಿಡದೆ ತೆಗೆದಿಟ್ಟು ತಂಬುಳಿಗೆ ಎರಡು ಹನಿ ಬಿಡುತ್ತಾರೆ. ಮಿಡಿಯನ್ನು ಹರಳುಪ್ಪಿನಲ್ಲಿ ಹಾಕಿ, ಸುಕ್ಕುಗಟ್ಟಿದ ಮೇಲೆ, ಬಿಟ್ಟ ಉಪ್ಪುನೀರನ್ನೇ ಕುದಿಸಿ ಆರಿಸಿ, ಸಾಸಿವೆ–ಮೆಣಸಿನ ಖಾರ ಕಲಸುತ್ತಾರೆ. ಎಣ್ಣೆಯ ಹನಿಯೂ ಬೇಡ. ಚೆನ್ನಾಗಿ ಹಾಕಿದ್ದು ವರ್ಷಗಟ್ಟಲೆ ಇರುತ್ತದೆ. ಅಯೋಡಿನ್ ಬೆರೆಸಿದ ಪುಡಿಉಪ್ಪಿನಲ್ಲಿ ಹಾಕಿದವರ ಭರಣಿಯ ಬಗ್ಗೆ ಹಿರಿಯ ಹೆಂಗಸರು ಆಡುವ ಮಾತನ್ನು ಇಲ್ಲಿ ಬರೆಯದಿರುವುದೇ ಒಳ್ಳೆಯದು.

ಅಪ್ಪೆಮಿಡಿಗೆ 2009ರ ಸುಮಾರಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಆದರೆ ಮಾನ್ಯತೆಯಿಂದ ಮರ ಉಳಿಯುವುದಿಲ್ಲ. ಮಾವಿನ ಗೊರಟು ನೆಟ್ಟರೆ ತಾಯಿಮರದ ಗುಣವೇ ಬರುತ್ತದೆಂಬ ಭರವಸೆ ಇಲ್ಲ. ಅನಂತಭಟ್ಟನ ಅಪ್ಪೆಯಂಥ ಹೆಸರಾಂತ ಮಿಡಿಗಳು ಒಂದೊಂದು ಮರದ ವಿಶೇಷ. ಆ ಮರ ಬಿದ್ದರೆ ಆ ಪರಿಮಳ ಜಗತ್ತಿನಲ್ಲಿ ಇನ್ನಿಲ್ಲ. ಮಿಡಿಗೆ ಬೆಲೆ ಬಂದ ಮೇಲೆ ಕೊಂಬೆಯನ್ನೇ ಕಡಿದು ಕೊಯ್ಯುವವರು ಹುಟ್ಟಿಕೊಂಡರು. ಅದೃಷ್ಟಕ್ಕೆ, ಒಳ್ಳೆಯ ಮರಗಳನ್ನು ಗುರುತಿಸಿ ಕಸಿ ಕಟ್ಟಿದ ರೈತರೂ ಶಿರಸಿ, ಸಾಗರದ ಸುತ್ತ ಇದ್ದಾರೆ. ಈ ತಳಿಗಳನ್ನು ಉಳಿಸುವ ಕೆಲಸದಲ್ಲಿ ಅವರ ಪಾಲು ದೊಡ್ಡದು.

ಹೆಗ್ಗರಣೆಯ ಹತ್ತಿರ ನದಿ 116 ಮೀಟರ್ ಎತ್ತರದಿಂದ ಧುಮುಕುತ್ತದೆ. ಉಂಚಳ್ಳಿ ಜಲಪಾತ. ಜಿಲ್ಲಾಧಿಕಾರಿಯಾಗಿದ್ದ ಲಷಿಂಗ್ಟನ್ ಎಂಬಾತ 1845ರಲ್ಲಿ ‘ಕಂಡುಹಿಡಿದ’ ಎಂದು ದಾಖಲೆಗಳು ಹೇಳುತ್ತವೆ. ಅದರ ಸದ್ದಿಗೆ ಕಿವಿ ಕೆಪ್ಪಾಗಿ ಕೆಪ್ಪಜೋಗ ಎಂದು ಹೆಸರಿಟ್ಟ ಜನ ಅದಕ್ಕೂ ಮೊದಲು ಅಲ್ಲಿ ಏನು ಮಾಡುತ್ತಿದ್ದರೋ! ಈ ಕಣಿವೆಗಳಲ್ಲಿ ನೋಡಬೇಕಾದದ್ದು ಜಲಪಾತಕ್ಕಿಂತ ಅದರ ಸುತ್ತಲಿನ ಜೌಗು. ರಾಮಪತ್ರೆ ಜಡ್ಡಿ ಎಂದು ಕರೆಯುತ್ತಾರೆ. ಜಾಯಿಕಾಯಿಯ ಕುಟುಂಬಕ್ಕೆ ಸೇರಿದ, ಹೂಬಿಡುವ ಸಸ್ಯಗಳಲ್ಲಿ ಬಹು ಪುರಾತನವಾದ ಮರಗಳು ಸದಾ ನೀರು ನಿಂತ ಕಪ್ಪು ಕೆಸರಿನಲ್ಲಿ ನಿಂತಿರುತ್ತವೆ. ಕೆಸರಿನಲ್ಲಿ ಗಾಳಿ ಸಿಗದ ಕಾರಣ ಬೇರುಗಳು ಮಡಚಿದ ಮೊಣಕಾಲಿನಂತೆ ಮೇಲೆದ್ದು ಉಸಿರಾಡುತ್ತವೆ. ಬೇಸಿಗೆಯ ಉರಿಯಲ್ಲೂ ಜಡ್ಡಿಯ ಬಾಯಿಯಿಂದ ಸಣ್ಣ ತೊರೆ ಹರಿಯುತ್ತಲೇ ಇರುತ್ತದೆ. ತಗ್ಗಿನ ಜೌಗಾದ್ದರಿಂದ ಹಿಂದಿನವರು ಇಂಥ ಎಷ್ಟೋ ಜಡ್ಡಿಗಳನ್ನು ಅಡಿಕೆ ತೋಟ, ಗದ್ದೆ ಮಾಡಿಕೊಂಡರು. ಉಳಿದದ್ದು ಹೆಚ್ಚಾಗಿ ದೇವರ ಹೆಸರಿನ ಕಾನುಗಳಲ್ಲಿ. ಶರಾವತಿಯ ಕಡೆಗೆ ಇಳಿಯುವ ಕತ್ತಲೆಕಾನಿನಲ್ಲಿ ವಿಜ್ಞಾನಕ್ಕೇ ಹೊಸದಾದ, ಕಾಡುಗೇರಿನ ಕುಲದ ಮರವೊಂದು 2000ದಲ್ಲಿ ವರದಿಯಾಯಿತು. ಊರಿನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ.

ಇದೇ ಕಾಡಿನ ಮೇಲ್ಚಾವಣಿಯಲ್ಲಿ ಸಿಂಗಳೀಕಗಳು. ಜಗತ್ತಿನಲ್ಲಿ ಪಶ್ಚಿಮಘಟ್ಟ ಬಿಟ್ಟರೆ ಇನ್ನೆಲ್ಲೂ ಇಲ್ಲದ ಈ ಕೋತಿಯ ಉತ್ತರದ ಕಟ್ಟಕಡೆಯ ನೆಲೆ ಶಿರಸಿ–ಹೊನ್ನಾವರದ ನಡುವಿನ ಕಾಡು. ಈ ಶತಮಾನದ ಆರಂಭದಲ್ಲಿ ಸಂಶೋಧಕರು ಇಲ್ಲಿ 30ಕ್ಕೂ ಹೆಚ್ಚು ಗುಂಪುಗಳನ್ನು ಗುರುತಿಸಿದರು. 2011ರಲ್ಲಿ ಸುಮಾರು 300 ಚದರ ಕಿಲೋಮೀಟರ್ ಕಾಡು ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವಾಯಿತು. ಸಿಂಗಳೀಕಕ್ಕೂ ಮನುಷ್ಯನಿಗೂ ಇಲ್ಲಿ ಒಂದು ಹಣ್ಣಿನ ವಿಷಯದಲ್ಲಿ ಪೈಪೋಟಿ: ಉಪ್ಪಾಗೆ. ಹಿಂದೆ ಅದರ ಸಿಪ್ಪೆ ಹುಳಿಗೆ, ಬೀಜದಿಂದ ತೆಗೆದ ಗಟ್ಟಿ ಕೊಬ್ಬು ‘ಉಪ್ಪಾಗೆ ತುಪ್ಪ’ವಾಗಿ ಅಡುಗೆಗೆ ಬರುತ್ತಿತ್ತು. 1990ರ ದಶಕದಲ್ಲಿ ಹೊರದೇಶಗಳ ತೂಕ ಇಳಿಸುವ ಗುಳಿಗೆಗಳಿಗೆ ಇದೇ ಸಿಪ್ಪೆ ಬೇಕಾಯಿತು. ಬೆಲೆ ಏರಿದ್ದೇ ತಡ, ಹಣ್ಣಾಗುವುದನ್ನು ಕಾಯುವ ತಾಳ್ಮೆ ಹೋಯಿತು. ಮಳೆಗಾಲದಲ್ಲಿ ಅದನ್ನು ಒಣಗಿಸಲು ಸುಟ್ಟ ಕಟ್ಟಿಗೆಯೂ ಇದೇ ಕಾಡಿನದು.

ಮೇಲಿನ ಕಾಡಿಗೂ ಕೆಳಗಿನ ಬಳಚಿಗೂ ಸಂಬಂಧ ಕಲ್ಪನೆಯದಲ್ಲ. ಮೂಲ ಕಾಡು ಅರ್ಧಕ್ಕಿಂತ ಹೆಚ್ಚು ಉಳಿದಿರುವ ಕೊಳ್ಳಗಳಲ್ಲಿ ಹಳ್ಳಗಳು ವರ್ಷವಿಡೀ ಹರಿಯುತ್ತವೆ, ಅಕೇಶಿಯಾದಂಥ ನೆಡುತೋಪಾದ ಕಡೆ ಮಳೆ ನಿಂತ ಕೆಲ ತಿಂಗಳಲ್ಲೇ ಬತ್ತುತ್ತವೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳೇ ತೋರಿಸಿವೆ. ಬ್ರಿಟಿಷರ ಕಾಲದಿಂದ ಘಟ್ಟದ ಮೇಲಿನ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಹಕ್ಕು ಕೊಡುವ ಪದ್ಧತಿ ಈ ಜಿಲ್ಲೆಯಲ್ಲಿ ಉಳಿದುಬಂದದ್ದೂ ಇದೇ ತಿಳಿವಳಿಕೆಯಿಂದ ಇರಬೇಕು. ತೋಟಕ್ಕೆ ಬೆಟ್ಟ ಬೇಕು ಎಂಬುದು ಇಲ್ಲಿ ಕಾನೂನೇ ಆಗಿತ್ತು.

ಈ ನದಿಯ ಮೇಲೆ ಕಣ್ಣು ಬಿದ್ದದ್ದು ಒಂದೆರಡು ಸಲವಲ್ಲ. ಜಲವಿದ್ಯುತ್ ಯೋಜನೆ ಬಂದು ವಿರೋಧದಿಂದ ನಿಂತಿತು. ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರದ ಪ್ರಸ್ತಾವ ಬಂತು, ಅದೂ ಆಗಲಿಲ್ಲ. ಬಂದರಿನ ಮಾತು ಆಗಾಗ ಏಳುತ್ತದೆ. 2024ರ ಜನವರಿ ಕೊನೆಯಲ್ಲಿ ಅಳಿವೆಯ 4,801 ಹೆಕ್ಟೇರ್ ರಾಮ್‌ಸಾರ್ ಪಟ್ಟಿಗೆ ಸೇರಿತು; ಮಾಗಡಿ ಕೆರೆ, ಅಂಕಸಮುದ್ರಗಳ ಜೊತೆಗೆ. ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎಂಬ ಈ ಗೌರವ ಸಿಕ್ಕ ಅಳಿವೆಯ ತಲೆಯ ಮೇಲೆಯೇ ಈಗ ನದಿಯ ನೀರನ್ನು ಬಯಲುಸೀಮೆಗೆ, ವೇದಾವತಿಯ ಕಡೆಗೆ ತಿರುಗಿಸುವ ಪ್ರಸ್ತಾವವೂ ತೂಗುತ್ತಿದೆ.

ವೇದಾವತಿಯ ಸೀಮೆಯಾದ ಚಿತ್ರದುರ್ಗದ ಬಾಯಾರಿಕೆ ಸುಳ್ಳಲ್ಲ. ಅಲ್ಲಿನ ರೈತನಿಗೆ ನೀರು ಬೇಡ ಎನ್ನಲು ಘಟ್ಟದವರಿಗಾಗಲಿ ಕರಾವಳಿಯವರಿಗಾಗಲಿ ಹಕ್ಕಿಲ್ಲ. ಆದರೆ ಯೋಜನೆಯ ವರದಿಯಲ್ಲಿ ಎಷ್ಟು ಟಿಎಂಸಿ ಅಡಿ ನೀರು ‘ಲಭ್ಯ’ ಎಂದು ಬರೆಯುವ ಎಂಜಿನಿಯರು ಅದೇ ಪುಟದಲ್ಲಿ ಎಷ್ಟು ಟನ್ ಬಳಚು, ಎಷ್ಟು ಎಕರೆ ಕಗ್ಗ, ಎಷ್ಟು ಮೂಟೆ ಉಪ್ಪು ಹೋಗುತ್ತದೆ ಎಂಬುದನ್ನೂ ಬರೆಯಬೇಕು. ಆ ಕಸುಬಿನವರನ್ನು ಕೇಳಿ ಬರೆಯಬೇಕು. ಅದು ಬಾರದ ಹೊರತು ವರದಿಯನ್ನು ವರದಿ ಎನ್ನಲಾಗದು.

ಓದುಗರಿಗೆ ಒಂದು ಮಾತು. ಕಗ್ಗ ಬೆಳೆಯುವವರ ಸಂಖ್ಯೆ ಕಡಿಮೆಯಾಗುತ್ತಿರುವುದಕ್ಕೆ ದೊಡ್ಡ ಕಾರಣ, ಆ ಕೆಂಪಕ್ಕಿಗೆ ಊರಾಚೆ ಗಿರಾಕಿಯಿಲ್ಲದಿರುವುದು. ಗೋಕರ್ಣಕ್ಕೆ ಹೋಗುವವರು ಕುಮಟಾದಲ್ಲಿ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿಯನ್ನು ಹೆದ್ದಾರಿ ಬದಿಯಲ್ಲಿ ಕಾರು ನಿಲ್ಲಿಸಿ ಕೊಳ್ಳುತ್ತೀರಿ. ಹಾಗೆಯೇ ಕಗ್ಗದ ಅಕ್ಕಿ ಎಲ್ಲಿ ಸಿಗುತ್ತದೆ ಎಂದು ಕೇಳಿ, ಐದು ಕಿಲೋ ತನ್ನಿ. ಗಂಜಿಗೆ ಅದಕ್ಕಿಂತ ಒಳ್ಳೆಯ ಅಕ್ಕಿ ಇಲ್ಲ.